ಉಸಿರು ಎಳೆಯಿರಿ, ಸಂಬಳ ಕೇಳಬೇಡಿ

2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ 3 ಲಕ್ಷ 90 ಸಾವಿರ ಮಂದಿ ಧರ್ಮದ ಕಾಲಂನಲ್ಲಿ ‘ಜೆಡಿ’ ಎಂದು ಬರೆದರು. ‘ಸ್ಟಾರ್ ವಾರ್ಸ್’ ಸಿನಿಮಾದ ಸನ್ಯಾಸಿ ಯೋಧರ ಧರ್ಮ ಅದು. ಬಹುಪಾಲು ಮಂದಿಗೆ ತಮಾಷೆ. ಕೆಲವರಿಗೆ ನಿಜವಾದ ನಂಬಿಕೆ. ಮೋಹ ಬಿಡು, ಸಿಟ್ಟು ಬಿಡು, ಜಗತ್ತನ್ನು ಹಿಡಿದಿಟ್ಟಿರುವ ‘ಫೋರ್ಸ್’ ಎಂಬ ಶಕ್ತಿಯನ್ನು ನಂಬು. 2021ರ ಗಣತಿಯ ಹೊತ್ತಿಗೆ ಅವರ ಸಂಖ್ಯೆ ಎರಡು ಸಾವಿರಕ್ಕಿಂತ ಕೆಳಗಿಳಿದಿತ್ತು.

ಪಾಪ, ತಪ್ಪು ದೇಶದಲ್ಲಿ ಎಣಿಸಿದರು. ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಕಂಪನಿಗಳೇ ತುಂಬಿರುವ ಸೈಬರ್ ಸಿಟಿಗೆ ಬರಬೇಕಿತ್ತು.

2009ರಲ್ಲಿ ವೇಲ್ಸಿನ ಬ್ಯಾಂಗೋರ್‌ನ ಟೆಸ್ಕೊ ಅಂಗಡಿಯಲ್ಲಿ ಜೆಡಿ ಅನುಯಾಯಿಯೊಬ್ಬನಿಗೆ ತಲೆಯ ಮುಸುಕು ತೆಗೆಯಪ್ಪಾ ಎಂದರು. ನನ್ನ ಧರ್ಮಕ್ಕೆ ಅವಮಾನ ಎಂದು ಅವನು ಕೂಗಾಡಿದ. ಸಿನಿಮಾದ ಜೆಡಿಗಳೇ ಮುಸುಕಿಲ್ಲದೆ ಓಡಾಡಿದ್ದಾರಲ್ಲ ಎಂದು ಟೆಸ್ಕೊದವರು ಉತ್ತರಿಸಿದರು. ಅಲ್ಲಿ ನಂಬಿಕೆ ಮನುಷ್ಯನದು, ತಕರಾರು ಕಂಪನಿಯದು. ನಮ್ಮಲ್ಲಿ ತಿರುಗಾಮುರುಗಾ. ನಂಬಿಕೆ ಕಂಪನಿಯದು. ಪಾಲಿಸಬೇಕಾದವನು ನೌಕರ.

ಇಲ್ಲಿ ಕಂಪನಿ ಕರೆಸಿದ ತರಬೇತುದಾರ ಪರದೆಯ ಮೇಲೆ ಜೆಡಿ ಗುರು ಯೋಡಾನ ಚಿತ್ರ ಹಾಕುತ್ತಾನೆ. ಪಕ್ಕದಲ್ಲೇ ಕೃಷ್ಣನ ಚಿತ್ರ. ಫಲದ ಮೇಲೆ ಆಸೆ ಇಡಬೇಡಿ ಎನ್ನುತ್ತಾನೆ. ಇನ್‌ಕ್ರಿಮೆಂಟ್ ಪತ್ರ ಬರುವ ವಾರದಲ್ಲೇ ಎನ್ನುತ್ತಾನೆ. ಇಷ್ಟು ಹೇಳಿ ತನ್ನ ಬಿಲ್ ಕಳಿಸುತ್ತಾನೆ. ಜಿಎಸ್‌ಟಿ ಬೇರೆ.

ಮೋಹ ಬಿಡಬೇಕು, ಸರಿ. ಆದರೆ ನೋಟಿಸ್ ಅವಧಿ ಮೂರು ತಿಂಗಳು. ನೀವು ಕಂಪನಿಯ ಮೋಹ ಬಿಟ್ಟರೂ ಅದು ನಿಮ್ಮನ್ನು ಬಿಡುವುದಿಲ್ಲ. ಕಂಪನಿಗೇ ನಿಮ್ಮ ಮೇಲೆ ವೈರಾಗ್ಯ ಬಂದರೆ ಮಾತ್ರ ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಲಾಕ್ ಆಗುತ್ತದೆ.

ಸಿನಿಮಾದ ಜೆಡಿಗಳಿಗೆ ಮದುವೆ ಕೂಡದು. ನಮ್ಮವರು ಅಷ್ಟು ಕಟುಕರಲ್ಲ. ಮದುವೆಯಾಗಲಿ, ಮನೆಗೆ ಹೋಗದಿದ್ದರಾಯಿತು. ಭಾನುವಾರವೂ ಕೆಲಸ ಮಾಡಿಸಬೇಕಿತ್ತು ಎಂದ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್, ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದ್ದು 2025ರ ಜನವರಿಯಲ್ಲಿ ಹೊರಬಿತ್ತು. ವಾರಕ್ಕೆ 90 ಗಂಟೆ ಅವರ ಲೆಕ್ಕ. ಅದಕ್ಕೂ ಮುಂಚೆ, 2023ರ ಅಕ್ಟೋಬರಿನಲ್ಲಿ, 70 ಗಂಟೆ ಎಂದವರು ನಮ್ಮವರೇ ಆದ ಇನ್ಫೊಸಿಸ್‌ನ ನಾರಾಯಣ ಮೂರ್ತಿ. ಇಂಥವರ ಪರ ವಾದಿಸಲು ಕನ್ನಡಿಗರು ತಕ್ಷಣ ಕಾಯಕ ತತ್ವವನ್ನು ಎಳೆದು ತರುತ್ತಾರೆ. ಆಯ್ದಕ್ಕಿ ಲಕ್ಕಮ್ಮನನ್ನು ಮಾತ್ರ ಮನೆಯಲ್ಲೇ ಬಿಟ್ಟು ಬರುತ್ತಾರೆ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಅಟ್ಟಿದವಳು ಆಕೆ. ಲಕ್ಕಮ್ಮನನ್ನು ನಿರ್ದೇಶಕರ ಮಂಡಳಿಗೆ ಕರೆಯಿರಿ, ನೋಡೋಣ.

ಖಾಸಗಿಯವರನ್ನೇ ಬೈದರೆ ಸರ್ಕಾರಕ್ಕೆ ಬೇಜಾರಾದೀತು. ಕೇಂದ್ರ ಸಂಪುಟ 2020ರ ಸೆಪ್ಟೆಂಬರಿನಲ್ಲಿ ‘ಮಿಷನ್ ಕರ್ಮಯೋಗಿ’ಗೆ ಒಪ್ಪಿಗೆ ಕೊಟ್ಟಿತು. ನೌಕರರು ಆನ್‌ಲೈನ್‌ನಲ್ಲಿ ಕೋರ್ಸ್ ಮಾಡಬೇಕು. ಮುಗಿಸಿದರೆ ‘ಕರ್ಮ ಪಾಯಿಂಟ್’ ಸಿಗುತ್ತದೆ. ಹೌದು, ಪಾಯಿಂಟ್. ನಿಷ್ಕಾಮ ಕರ್ಮಕ್ಕೆ ಅಂಕ ಕೊಡುವ ವಿದ್ಯೆ ಕುರುಕ್ಷೇತ್ರದಲ್ಲಿ ಯಾರಿಗೂ ಹೊಳೆದಿರಲಿಲ್ಲ.

2021ರಲ್ಲಿ ಆಯುಷ್ ಸಚಿವಾಲಯ ‘ವೈ-ಬ್ರೇಕ್’ ಆ್ಯಪ್ ತಂದಿತು. ಕೆಲಸದ ಜಾಗದಲ್ಲೇ ಐದು ನಿಮಿಷ ತಾಡಾಸನ, ನಾಡಿಶೋಧನ, ಭ್ರಾಮರಿ, ಧ್ಯಾನ. ಬಳಸಿ ಎಂದು ಕೇಂದ್ರ ನೌಕರರಿಗೆ ಸುತ್ತೋಲೆಯೂ ಹೋಯಿತು. ಯೋಗದ ಮೇಲೆ ನನಗೆ ಸಿಟ್ಟಿಲ್ಲ. ಗಾಳಿಯ ಮೇಲಿದೆ. 2024ರ ನವೆಂಬರ್ 18ರಂದು ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ 494. ಮಾಪಕ ಮುಗಿಯುವುದೇ 500ಕ್ಕೆ. ದೀರ್ಘವಾಗಿ ಉಸಿರೆಳೆದುಕೊಳ್ಳಿ ಎನ್ನುವುದು ಇಲ್ಲಿ ಆರೋಗ್ಯ ಸಲಹೆಯಲ್ಲ, ಬೆದರಿಕೆ. ಮುಖಗವಸಿನೊಳಗೆ ಬುಸುಗುಡುವ ದೆಹಲಿಯ ಗುಮಾಸ್ತ ಜೆಡಿ ಆಗುವುದು ಹೇಗೆ? ಅವನ ಉಸಿರು ಕೇಳಿ, ಸಾಕ್ಷಾತ್ ಜೆಡಿಗಳ ವೈರಿ ಡಾರ್ತ್ ವೇಡರ್.

ಐದು ನಿಮಿಷದ ಧ್ಯಾನ ಕೊಟ್ಟ ಸರ್ಕಾರವೇ 2024ರ ಜೂನಿನಲ್ಲಿ ಇನ್ನೊಂದು ಮಾತೂ ನೆನಪಿಸಿತು. 9.15 ದಾಟಿ ಬಂದರೆ ಅರ್ಧ ದಿನದ ರಜೆ ಕಡಿತ. ಬೆರಳೊತ್ತಿ ಒಳಗೆ ಬನ್ನಿ. ಆಮೇಲೆ ಕಣ್ಣು ಮುಚ್ಚಿ ಶಾಂತರಾಗಿ.

ಬೆರಳು ಅಂದೆನಲ್ಲ. 2016ರಲ್ಲಿ ಗುಡಗಾಂವ್ ‘ಗುರುಗ್ರಾಮ’ವಾಯಿತು. ದ್ರೋಣಾಚಾರ್ಯರಿಗೆ ಸಿಕ್ಕ ಊರು ಎಂಬುದು ಪ್ರತೀತಿ. ಅವರ ಹೆಸರಿನಲ್ಲಿ ಮೆಟ್ರೊ ನಿಲ್ದಾಣವೂ ಇದೆ. ಅದೇ ಊರಿನ ಖಾಂಡ್ಸಾದಲ್ಲಿ ಏಕಲವ್ಯನಿಗೊಂದು ಪುಟ್ಟ ಗುಡಿ. ಕತ್ತರಿಸಿ ಕೊಟ್ಟ ಹೆಬ್ಬೆರಳು ಹೂತಿರುವುದು ಅಲ್ಲೇ ಎಂದು ಜನ ನಂಬುತ್ತಾರೆ. ಗುರುವಿಗೆ ನಿಲ್ದಾಣ, ಹೆಬ್ಬೆರಳಿಗೆ ಗಲ್ಲಿ. ಆಗ ಒಂದು ಸಲ ಕೊಟ್ಟರೆ ಸಾಕಿತ್ತು. ಈಗ ಹಾಜರಿ ಯಂತ್ರದ ಮೇಲೆ ದಿನಕ್ಕೆರಡು ಸಲ ಇಡಬೇಕು.

ಈ ವೈರಾಗ್ಯವೆಲ್ಲ ಎಷ್ಟನೇ ಮಹಡಿಯವರೆಗೆ? ಮೇಲಿನ ಮಹಡಿಯವರು ಷೇರಿನ ಮೋಹ ಬಿಟ್ಟ ಸುದ್ದಿಯನ್ನು ನಾನಂತೂ ಕೇಳಿಲ್ಲ. ಜೆಡಿಗಳ ಜನಕ ಜಾರ್ಜ್ ಲ್ಯೂಕಸ್ ಕೂಡ ತನ್ನ ಕಂಪನಿಯನ್ನು 2012ರಲ್ಲಿ ಡಿಸ್ನಿಗೆ ಮಾರಿದ್ದು 405 ಕೋಟಿ ಡಾಲರಿಗೆ. ನಿರ್ಮೋಹಕ್ಕೆ ಒಳ್ಳೆಯ ರೇಟು ಬಂತು.

ಸೈಬರ್ ಸಿಟಿಯಿಂದ ಹೆದ್ದಾರಿ ಹಿಡಿದರೆ ಮಾನೇಸರ್. 2024ರ ಮೇ ತಿಂಗಳ ಕಡು ಬಿಸಿಲಿನಲ್ಲಿ ಅಲ್ಲಿನ ಅಮೆಜಾನ್ ಗೋದಾಮಿನಲ್ಲಿ ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರು ಎಂದು ಪತ್ರಿಕೆಗಳು ವರದಿ ಮಾಡಿದವು. ಆರು ಲಾರಿಗಳ ಸರಕು ಇಳಿಸುವವರೆಗೆ ನೀರಿಗೂ ಹೋಗುವುದಿಲ್ಲ, ಶೌಚಕ್ಕೂ ಹೋಗುವುದಿಲ್ಲ ಎಂಬ ಪ್ರತಿಜ್ಞೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕೊಟ್ಟಿತು. ಅದೊಂದು ಬಿಡಿ ಘಟನೆ ಎಂದಿತು ಕಂಪನಿ. ಹಸಿವು, ಬಾಯಾರಿಕೆ, ದೇಹಬಾಧೆ ಎಲ್ಲವನ್ನೂ ಗೆದ್ದವನು ಯಾವ ಸಿನಿಮಾದ ಜೆಡಿಗೆ ಕಡಿಮೆ?

ದಿನಕ್ಕೆ ಹತ್ತು ಗಂಟೆ ದುಡಿಯುವ ಅಲ್ಲಿನ ಕೆಲಸಗಾರನೊಬ್ಬ ವರದಿಗಾರರಿಗೆ ತನ್ನ ಸಂಬಳವನ್ನೂ ಹೇಳಿದ್ದ. ತಿಂಗಳಿಗೆ 10,088 ರೂಪಾಯಿ. ಅವನು ಆಸೆಪಡಬಾರದ ಫಲ ಅಷ್ಟೇ.