ಬೈಟು ಕಾಫಿ, ಎರಡು ಕೋಡ್

ಕಾಡುಗೋಡಿ ಮೆಟ್ರೊ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ, ಒಂದು ಸೇವಾಸಂಸ್ಥೆಯ ಮಹಡಿ ಮೇಲೆ, ಲೆಕ್ಕ ಬರೆಯುವ ನಮ್ಮ ಕೋಡ್ ರಾಯರು ಕೂತಿರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದು ಈಗ ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿದೆ.

ಹೋಪ್ ಫಾರಂ ಸರ್ಕಲ್ಲಿನಿಂದ ಆಟೊದಲ್ಲಿ ಬಂದು ಚೀಟಿ ಕೊಟ್ಟರೆ ರಾಯರ ಕೈ ದುಡ್ಡಿನ ಪೆಟ್ಟಿಗೆಗೆ ಹೋಗುವುದಿಲ್ಲ, ಕನ್ನಡಕ ಹಣೆಗೇರುತ್ತದೆ. "ಯಾವ ಕೋಡ್?" ಶಾಲೆಗೆ ಹೋಗಿದ್ದಾದರೆ 204, ದಾನಿಯ ಆಫೀಸಿಗಾದರೆ 611. ಶಾಲೆಗೆ ಹೊರಟವರು ದಾರಿಯಲ್ಲಿ ದಾನಿಯ ಆಫೀಸಿಗೆ ಇಣುಕಿದ್ದರೆ? "ಎಷ್ಟು ಹೊತ್ತು ಇಣುಕಿದ್ರಿ?"

ರಾಯರ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ. ವ್ಯಾಪಾರಸ್ಥರಿಗೆಂದು ಮಾಡಿದ ಅದರ ಕಾಸ್ಟ್ ಸೆಂಟರುಗಳನ್ನು ರಾಯರು ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗಳಂತೆ ಜೋಡಿಸಿಟ್ಟಿದ್ದಾರೆ. ದಾನಿಗೊಂದು ಭರಣಿ, ಒಂದರ ಸೌಟು ಇನ್ನೊಂದಕ್ಕೆ ತಾಗಬಾರದು. ವಿದೇಶಿ ದೇಣಿಗೆಯ ಭರಣಿಗಂತೂ ಮಡಿ ಜಾಸ್ತಿ. ಆ ದುಡ್ಡು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕಿನಲ್ಲಿ ಇಳಿದೇ ಕಾಡುಗೋಡಿಗೆ ಬರಬೇಕು. ವಿದೇಶಿ ದೇಣಿಗೆ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಅದರಲ್ಲಿ ಆಡಳಿತಕ್ಕೆ ಮುಟ್ಟಬಹುದಾದದ್ದು ನೂರಕ್ಕೆ 20 ಮಾತ್ರ. ಮೊದಲು 50 ಇತ್ತು. ಆ ಐವತ್ತರ ಕಾಲವನ್ನು ರಾಯರು, ಹಳಬರು ಸೇರು ಅಕ್ಕಿಯ ರೇಟು ನೆನೆದಂತೆ ನೆನೆಯುತ್ತಾರೆ.

ಇದರಲ್ಲೊಂದು ಫಜೀತಿ ಇದೆ. ಕಾನೂನಿನ ಪ್ರಕಾರ ಶಾಲೆ ಮೇಷ್ಟ್ರ ಸಂಬಳ ಆಡಳಿತ ವೆಚ್ಚವಲ್ಲ, ಲೆಕ್ಕ ಬರೆಯುವವರ ಸಂಬಳ ಹೌದು. ಅಂದರೆ ಖರ್ಚು ತಗ್ಗಿಸಲೆಂದು ರಾಯರೇ ತಯಾರಿಸುವ ಪಟ್ಟಿಯ ಮೊದಲ ಸಾಲಿನಲ್ಲಿ ರಾಯರೇ ಕೂತಿದ್ದಾರೆ. ಪ್ರತಿ ತಿಂಗಳೂ ತಮ್ಮ ಹೆಸರಿನ ಮುಂದೆ ಆಡಳಿತದ ಕೋಡ್ 601 ಒತ್ತುವಾಗ ಒಂದು ಸಲ ಕೆಮ್ಮುತ್ತಾರೆ. ಧೂಳು ಅನ್ನುತ್ತಾರೆ. ವೈಟ್‌ಫೀಲ್ಡ್ ಕಡೆ ಧೂಳಿಗೇನು ಬರ, ನಾವೂ ನಂಬುತ್ತೇವೆ.

ಮೊನ್ನೆ ಮಾರ್ಚ್ ಕೊನೆ ವಾರ ಅವರನ್ನು ಬೈಟು ಕಾಫಿಗೆ ಎಳೆದುಕೊಂಡು ಹೋದೆ. ಮುಖದಲ್ಲಿ ಪರೀಕ್ಷೆ ಹಾಲಿನಿಂದ ಎದ್ದು ಬಂದ ಕಳೆ.

"ಹತ್ತೊಂಬತ್ತು ಪಾಯಿಂಟ್ ಎಂಟಕ್ಕೆ ಬಂದು ನಿಂತಿದೆ" ಅಂದರು. ನಾನು ಜ್ವರ ಅಂದುಕೊಂಡೆ.

ಬಿಲ್ ಬಂತು. ರಾಯರು ಅದನ್ನು ಬೆಳಕಿಗೆ ಹಿಡಿದರು. "ನೀವು ಶಾಲೆ ಕಡೆಯವರು, ನಿಮ್ಮರ್ಧ 204ಕ್ಕೆ ಹೋಗುತ್ತೆ. ನನ್ನರ್ಧಕ್ಕೆ ಜಾಗ ಇಲ್ಲ."

"ಬಿಡಿ ರಾಯರೇ, ಎರಡೂ ನಾನೇ ಕೊಡ್ತೀನಿ."

"ಅದು ದೇಣಿಗೆ ಆಗುತ್ತೆ. ರಸೀದಿ ಹರೀಬೇಕು."

ಕೊನೆಗೆ ತಮ್ಮ ಪರ್ಸಿನಿಂದಲೇ ನೋಟು ತೆಗೆದುಕೊಟ್ಟರು. ಆದರೆ ಕೈ ಸುಮ್ಮನಿರಬೇಕಲ್ಲ. ಬಿಲ್ಲಿನ ಬೆನ್ನಿಗೆ ಪೆನ್ಸಿಲಿನಲ್ಲಿ 601 ಅಂತ ಬರೆದರು, ನೋಡಿದರು, ರಬ್ಬರಿನಿಂದ ಉಜ್ಜಿದರು. ಲೋಟದ ತಳದ ನೊರೆ ಹೀರುತ್ತ ಮತ್ತೆ ಪೆನ್ಸಿಲ್ ಎತ್ತಿ ಕೇಳಿದರು: "ಮನೆ ಖರ್ಚಿಗೆ 900ರಿಂದ ಶುರು ಮಾಡಿದ್ರೆ ಹೇಗೆ?"