ರೇಡಿಯೋ ನಿದಾನ: ಹೊಳವನಹಳ್ಳಿ ಪಾಠ

ಹಳೆಯ ರೇಡಿಯೋಗೆ ಬರುವ ರೋಗಗಳು ಎರಡು ಬಗೆ: ನಿಜ ಮತ್ತು ಆಗಂತು. ಒಳಗಿಂದಲೇ ಹುಟ್ಟಿದ್ದು ನಿಜ, ಹೊರಗಿಂದ ಬಂದು ಸೇರಿಕೊಂಡದ್ದು ಆಗಂತು. ಈ ವಿಂಗಡಣೆ ಚರಕನದು. ನಕಲಿ ವೈದ್ಯರನ್ನು ಚರಕ ಚೆನ್ನಾಗಿಯೇ ಬೈದಿದ್ದಾನೆ. ಆದರೆ ಅವರನ್ನೇ ಒಂದು ರೋಗವೆಂದು ಎಣಿಸುವ ಧೈರ್ಯ ಮಾಡಲಿಲ್ಲ. ಆ ಕೊರತೆಯನ್ನು ನಮ್ಮ ಪಾಠದಲ್ಲಿ ತುಂಬಿಕೊಡಲಾಗಿದೆ. ಮೂರನೆಯ ಬಗೆ ವೈದ್ಯಕೃತ, ಅಂದರೆ ಹಿಂದೆ ರಿಪೇರಿ ಮಾಡಿದವನು ಬಿಟ್ಟುಹೋದದ್ದು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯ ಅಟ್ಟಗಳಿಂದ ಇಳಿದು ಬರುವ ಸೆಟ್ಟುಗಳಲ್ಲಿ ಈ ಮೂರನೆಯದೇ ಹೆಚ್ಚು ಎಂಬುದು ಗ್ರಂಥದ ಪ್ರತಿಜ್ಞೆ.

ಹಳೆಯದು ಎಂದರೆ ಎಷ್ಟು ಹಳೆಯದು? ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಶುರುಮಾಡಿದ್ದು 1935ರಲ್ಲಿ, ಬೆಂಗಳೂರು ನಿಲಯ ಬಂದದ್ದು 1955ರಲ್ಲಿ. ನಮಗೆ ಅಷ್ಟು ಹಿಂದಕ್ಕೆ ಹೋಗುವ ಅಗತ್ಯವಿಲ್ಲ. ಸೆಟ್ಟಿನ ಹಿಂದಿನ ರಟ್ಟು ಬಿಚ್ಚಿದಾಗ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಮುದ್ರೆ ಹಾಕಿಸಿಕೊಂಡ ಲೈಸೆನ್ಸ್ ಪುಸ್ತಕ ಸಿಕ್ಕಿದರೆ ಅದು ಹಳೆಯದು. ಸಿಗದಿದ್ದರೂ ಹಳೆಯದೇ ಇರಬಹುದು. ಲೈಸೆನ್ಸ್ ಕಟ್ಟದವರ ಸಂಖ್ಯೆಯೇನೂ ಸಣ್ಣದಾಗಿರಲಿಲ್ಲ.

ನಿಜರೋಗಗಳು ತ್ರಿದೋಷದಿಂದ ಹುಟ್ಟುತ್ತವೆ. ಕರಕರ ಎನ್ನುವುದು, ಆಗೊಮ್ಮೆ ಈಗೊಮ್ಮೆ ದನಿ ಹೋಗಿ ಬರುವುದು, ತಲೆಗೊಂದು ಕೊಟ್ಟರೆ ಸರಿಹೋಗುವುದು: ಇದು ವಾತ. ಕಾರಣ ಬೆಸುಗೆ ಬಿಟ್ಟಿರುವುದು, ವಾಲ್ಯೂಮ್ ಕಂಟ್ರೋಲಿನಲ್ಲಿ ಧೂಳು, ಬ್ಯಾಂಡ್ ಸ್ವಿಚ್ಚಿನ ಕಾಲುಗಳಿಗೆ ಕಿಲುಬು. ಮಳೆ ಕಡಿಮೆ, ಧೂಳು ಜಾಸ್ತಿಯಾದ ಪಾವಗಡ ವಾತಕ್ಕೆ ಪ್ರಸಿದ್ಧ. ಸ್ಟೇಷನ್ ಯಾವುದಾದರೂ ಅದರ ಹಿಂದೆ ಗುಂಯ್ ಎಂಬ ಶ್ರುತಿ ಇದ್ದೇ ಇದ್ದರೆ ಅದು ಕಫ. ಫಿಲ್ಟರ್ ಕಂಡೆನ್ಸರಿನ ಒಳಗಿನ ರಸ ಒಣಗಿದೆ ಎಂದರ್ಥ. ರಸ ಒಣಗಿದರೆ ಕಫ ಹೇಗೆ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಕೇಳಲಿ. ಆ ಶ್ರುತಿಯ ಕಂಪನ ಸೆಕೆಂಡಿಗೆ 100. ನಮ್ಮ ಕರೆಂಟಿನ 50ರ ಇಮ್ಮಡಿ.

ಪಿತ್ತ, ಅಂದರೆ ಅತಿಯಾಗಿ ಕಾಯುವುದು, ಮಾತ್ರ ಎಚ್ಚರದಿಂದ ನೋಡಬೇಕಾದ ದೋಷ. ವಾಲ್ವ್ ಸೆಟ್ಟಿನಲ್ಲಿ ದನಿಯನ್ನು ದೊಡ್ಡದು ಮಾಡುವ ಕೊನೆಯ ವಾಲ್ವ್ ಸಾಮಾನ್ಯವಾಗಿ ಇಎಲ್ 84. ಅದರ ಗ್ರಿಡ್ಡಿಗೂ ಅದರ ಹಿಂದಿನ ವಾಲ್ವಿಗೂ ನಡುವೆ ಮೇಣ ಮೆತ್ತಿದ, ಬೀಡಿಗಿಂತ ಚೂರು ದಪ್ಪನೆಯ ಒಂದು ಕಾಗದದ ಕಂಡೆನ್ಸರ್ ಕೂತಿರುತ್ತದೆ, 0.01 ಎಂಎಫ್‌ಡಿ. ಹಾಡನ್ನು ದಾಟಿಸಿ ಹೈ ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ಇಷ್ಟು ವರ್ಷದ ಮೇಲೆ ಅದು ಎರಡನ್ನೂ ದಾಟಿಸತೊಡಗುತ್ತದೆ. ಗ್ರಿಡ್ಡಿಗೆ ನಾಲ್ಕಾರು ವೋಲ್ಟು ಪಾಸಿಟಿವ್ ತಗುಲಿದರೂ ಸಾಕು, ವಾಲ್ವಿನ ಒಳಗಿನ ತಗಡು ಕೆಂಪಗೆ ಕಾಯುತ್ತದೆ, ಹಿಂದೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಆದ್ದರಿಂದ ಬಲ್ಲವರು ಸೆಟ್ಟಿಗೆ ಕರೆಂಟು ಕೊಡುವ ಮೊದಲೇ ಈ ಕಂಡೆನ್ಸರನ್ನು ಕತ್ತರಿಸಿ, 630 ವೋಲ್ಟಿನ ಪಾಲಿಯೆಸ್ಟರ್ ಒಂದನ್ನು ಬೆಸೆಯುತ್ತಾರೆ. ಅಟ್ಟದಿಂದ ಇಳಿಸಿದ ತಕ್ಷಣ "ಹಾಡುತ್ತಾ ನೋಡಾಣ" ಅಂತ ಪ್ಲಗ್ಗು ಚುಚ್ಚುವವರು ವೈದ್ಯಕೃತದ ಅಧ್ಯಾಯಕ್ಕೆ ಸೇರುತ್ತಾರೆ, ಮಾಡುವವನು ಮನೆಯ ಯಜಮಾನನೇ ಆದರೂ.

ಆಗಂತುಗಳಲ್ಲಿ ಪ್ರಾಣಿಜ, ವಿದ್ಯುಜ್ಜ ಎಂದು ಎರಡು ಕವಲು. ಸ್ಪೀಕರಿನ ಕಾಗದ ತಿನ್ನುವ ಇಲಿ, ಬೆಚ್ಚಗಿದೆಯೆಂದು ಟ್ರಾನ್ಸ್‌ಫಾರ್ಮರ್ ಪಕ್ಕ ಸಂಸಾರ ಹೂಡುವ ಹಲ್ಲಿ, ಜಿರಲೆ ಇವು ಪ್ರಾಣಿಜ. ವಿದ್ಯುಜ್ಜಗಳಲ್ಲಿ ಮುಖ್ಯವಾದದ್ದು ಪಂಪ್‌ಸೆಟ್. ಅಡಿಕೆ ತೋಟಕ್ಕೆ ತ್ರೀ ಫೇಸ್ ಬಂದ ಗಳಿಗೆಯಲ್ಲಿ ಸ್ಟಾರ್ಟರುಗಳು ಒಂದರ ಹಿಂದೊಂದು ಎತ್ತಿಕೊಳ್ಳುತ್ತವೆ, 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಅಷ್ಟು ಹೊತ್ತು ಕರ್ ಎಂಬ ಭಾಷೆಯಲ್ಲಿ ವಾರ್ತೆ ಓದುತ್ತದೆ. ಈಚೆಗೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಸೇರಿಕೊಂಡು ಇದು ಮೂರು ಹೊತ್ತಿನ ರೋಗವಾಗಿದೆ. ಚಿಕಿತ್ಸೆ ಸೆಟ್ಟಿಗಲ್ಲ, ಊರಿಗೆ ಆಗಬೇಕು.

ಇನ್ನು ವೈದ್ಯಕೃತ. ಇದರ ನಿದಾನ ಎಲ್ಲ ಕಾಲದಲ್ಲೂ ಎಲ್ಲ ಅಂಗಡಿಯಲ್ಲೂ ಒಂದೇ ಪ್ರಶ್ನೆಯಿಂದ ಆರಂಭವಾಗುತ್ತದೆ: "ಯಾರು ಸ್ವಾಮಿ ಇದನ್ನ ಮೊದ್ಲು ಬಿಚ್ಚಿದ್ದು?" ಉತ್ತರವೂ ಒಂದೇ: "ನಮ್ಮಪ್ಪ ಇಟ್ಟಿದ್ದು ಹಂಗೇ ಐತೆ ಕಣಣ್ಣಾ, ಯಾರೂ ಮುಟ್ಟಿಲ್ಲ." ಅಷ್ಟರಲ್ಲಿ ಕೈಗೆ ಸಿಕ್ಕಿದ ನಾಲ್ಕು ಸ್ಕ್ರೂಗಳಲ್ಲಿ ಒಂದು ಕಂಪನಿಯದು, ಒಂದು ಸೈಕಲಿನದು, ಒಂದು ಬಾಗಿಲ ಚಿಲಕದ್ದು, ನಾಲ್ಕನೆಯದು ಮೊಳೆ.

ವೈದ್ಯಕೃತದಲ್ಲಿ ಅತಿ ಹರಡಿರುವ ಜಾತಿ ಐಎಫ್‌ಟಿ ತಿರುವುದೋಷ. ಟ್ರಾನ್ಸಿಸ್ಟರ್ ಸೆಟ್ಟಿನ ಹೊಟ್ಟೆಯಲ್ಲಿ ಹಳದಿ, ಬಿಳಿ, ಕಪ್ಪು ತಲೆಯ ಪುಟ್ಟ ಡಬ್ಬಿಗಳಿರುತ್ತವೆ, ಇವೇ ಐಎಫ್‌ಟಿ. ಮೂರೂ 455 ಕಿಲೋಹರ್ಟ್ಸ್‌ಗೆ ಕಿವಿಗೊಟ್ಟು ಕೂತಿರಬೇಕು. ನೋಡಿದವನಿಗೆ ತಿರುಗಿಸಬೇಕು ಅನ್ನಿಸುವ ಹಾಗೆ ತಲೆಯ ಮೇಲೆ ಗೀಟು ಬೇರೆ ಇದೆ. ಸೌಂಡ್ ಜಾಸ್ತಿಯಾಗಲಿ ಎಂದು ಒಬ್ಬ ಕಬ್ಬಿಣದ ಸ್ಕ್ರೂಡ್ರೈವರಿನಲ್ಲಿ ಕಾಲು ಸುತ್ತು ತಿರುಗಿಸುತ್ತಾನೆ. ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಪಕ್ಕದ್ದನ್ನೂ ತಿರುಗಿಸುತ್ತಾನೆ. ಕೊನೆಗೆ ಮೂರೂ ಒಮ್ಮತದಿಂದ ತಪ್ಪು ಜಾಗದಲ್ಲಿ ನಿಲ್ಲುತ್ತವೆ: ಸ್ಟೇಷನ್ ಬರುತ್ತದೆ, ಮುಳ್ಳು ಮಾತ್ರ ಅದರ ಗುರುತು ಬಿಟ್ಟು ಆಚೆ ಸರಿದಿರುತ್ತದೆ. ಆಗ ಎರಡನೆಯ ವೈದ್ಯ ಬಂದು ಮುಳ್ಳನ್ನು ದಾರದ ಮೇಲೆ ಜರುಗಿಸಿ ಅಂಟು ಹಾಕುತ್ತಾನೆ. ಮೂರನೆಯವನ ಹೊತ್ತಿಗೆ ಫೆರೈಟ್ ತಲೆ ಒಡೆದು ಒಳಗೇ ಸಿಕ್ಕಿಕೊಂಡಿದೆ. ಒಂದು ಕಾಲು ಸುತ್ತಿಗೆ ಮೂರು ತಲೆಮಾರಿನ ಸಂತತಿ.

ಎರಡನೆಯ ಜಾತಿ ಉಪಕಾರಜ. ಇಲ್ಲಿ ಕೈಯೂ ಒಳ್ಳೆಯದು, ಉದ್ದೇಶವೂ ಒಳ್ಳೆಯದು. ಇಝಡ್ 80 ರೆಕ್ಟಿಫೈಯರ್ ವಾಲ್ವ್ ಹೋಗಿದೆ, ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಎರಡು ಬಿವೈ 127 ಡಯೋಡ್ ಹಾಕಿದರೆ ಕೆಲಸ ಆಯಿತು, ಕಾಸೂ ಉಳಿಯಿತು. ಆದರೆ ವಾಲ್ವ್ ನಿಧಾನವಾಗಿ ಕಾದು ನಿಧಾನವಾಗಿ ವೋಲ್ಟೇಜು ಕೊಡುತ್ತಿತ್ತು. ಡಯೋಡಿಗೆ ಆ ಸಂಸ್ಕಾರವಿಲ್ಲ. ಉಳಿದ ವಾಲ್ವುಗಳು ಕಣ್ಣು ಬಿಡುವ ಮೊದಲೇ ಪೂರ್ತಿ ವೋಲ್ಟೇಜು ಮುದಿ ಕಂಡೆನ್ಸರಿನ ಮೇಲೆ ಬೀಳುತ್ತದೆ. ಸೀರೀಸಿನಲ್ಲೊಂದು ದಪ್ಪ ರೆಸಿಸ್ಟರ್ ಹಾಕಿದ್ದರೆ ಒಂದಿಷ್ಟು ತಗ್ಗುತ್ತಿತ್ತು. ಹಾಕಿದವರನ್ನು ಈ ಗ್ರಂಥ ಗೌರವದಿಂದ ಕಾಣುತ್ತದೆ. ಚಾಸಿಸ್ ಮೇಲೆ ಏನು ಬದಲಾಯಿಸಿದೆ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟವರನ್ನಂತೂ ಋಷಿಗಳ ಸಾಲಿಗೆ ಸೇರಿಸುತ್ತದೆ.

ಸಿಬಿ, ಅಂದರೆ ಸಿಟಿಜನ್ಸ್ ಬ್ಯಾಂಡ್ ರೇಡಿಯೋಗೆ ಪ್ರತ್ಯೇಕ ಪ್ರಕರಣವೇ ಬೇಕು, ಯಾಕೆಂದರೆ ಇದು ಕೇಳುವುದರ ಜೊತೆಗೆ ಮಾತಾಡುವ ಜಾತಿ. ಹುಟ್ಟಿದ್ದು ಅಮೆರಿಕದಲ್ಲಿ: 27 ಮೆಗಾಹರ್ಟ್ಸ್‌ನಲ್ಲಿ 1958ರಿಂದ 23 ಚಾನೆಲ್, 1977ರಿಂದ 40. ಅಲ್ಲಿನ ಲಾರಿ ಡ್ರೈವರುಗಳು 1973ರ ಎಣ್ಣೆ ಬರದ ನಂತರ, ಮುಂದೆ ಪೊಲೀಸು ಎಲ್ಲಿ ನಿಂತಿದ್ದಾನೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಇದನ್ನು ಬೆಳೆಸಿದರು. ನಮ್ಮಲ್ಲಿ ಇದು ಹೊರದೇಶದ ನೆಂಟರ ಸೂಟ್‌ಕೇಸಿನಲ್ಲಿ ಬರುವ ಅಪರೂಪದ ಅತಿಥಿ. ನಮ್ಮ 2005ರ ನಿಯಮ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವಾಟ್ ಮೀರದಂತೆ, ಲೈಸೆನ್ಸ್ ಇಲ್ಲದ ಬಳಕೆಗೆ ಬಿಟ್ಟುಕೊಟ್ಟಿತು. ಅಮೆರಿಕದ 27ನೇ ಚಾನೆಲ್ ಇರುವುದು 27.275ರಲ್ಲಿ, 28ನೆಯದು 27.285ರಲ್ಲಿ. ಅಂದರೆ ತಿರುಪಿನ ಮೇಲೆ 40 ಬರೆದಿದ್ದರೂ ನಮ್ಮ ಸೀಮೆಯ ಧರ್ಮ 27ಕ್ಕೆ ಮುಗಿಯುತ್ತದೆ.

ಇದರ ವೈದ್ಯಕೃತಗಳು ಇನ್ನೂ ಘೋರ. ಪ್ಲಸ್ಸು ಮೈನಸ್ಸು ತಿರುವುಮುರುವು ಕೊಟ್ಟರೆ ಫ್ಯೂಸು ಹೋಗಲೆಂದೇ ಒಳಗೆ ಕರೆಂಟಿಗೆ ಅಡ್ಡವಾಗಿ ಒಂದು ಡಯೋಡ್ ಕೂರಿಸಿರುತ್ತಾರೆ. ಟ್ರ್ಯಾಕ್ಟರ್ ಬ್ಯಾಟರಿಗೆ ಉಲ್ಟಾ ಕೊಟ್ಟವನು, ಹೋದ ಫ್ಯೂಸಿಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಮತ್ತೆ ಕೊಡುತ್ತಾನೆ. ಡಯೋಡ್ ಸತ್ತು ಶಾರ್ಟ್ ಆಗುತ್ತದೆ, ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ. ಇನ್ನೊಂದು ದನಿ ಹೆಚ್ಚಿಸುವ ಹುಚ್ಚು: ಮಾಡ್ಯುಲೇಷನ್ನಿಗೆ ಮಿತಿ ಹಾಕುವ ಟ್ರಾನ್ಸಿಸ್ಟರನ್ನೇ ಕತ್ತರಿಸುವುದು. ಆಗ ಮಾತು ಅಕ್ಕಪಕ್ಕದ ಚಾನೆಲ್ಲಿಗೆಲ್ಲ ಚೆಲ್ಲುತ್ತದೆ, ಕೇಳಬೇಕಾದವನಿಗೆ ಮಾತ್ರ ಅರ್ಥವಾಗುವುದಿಲ್ಲ. ಶಾಸ್ತ್ರಸಮ್ಮತವಾದ ಮಾರ್ಪಾಡು ಒಂದೇ, ವಾನಪ್ರಸ್ಥ: ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್ ಪಡೆದವರು ಇದನ್ನು ಪಕ್ಕದ 28 ಮೆಗಾಹರ್ಟ್ಸ್‌ನ ಹತ್ತು ಮೀಟರ್ ಬ್ಯಾಂಡಿಗೆ ದಾಟಿಸಿಕೊಳ್ಳುತ್ತಾರೆ.

ವೈದ್ಯಕೃತಗಳಲ್ಲಿ ಕಡೆಯದು ಪರಕಾಯ ಪ್ರವೇಶ. ಮರ್ಫಿಯ ಮರದ ಪೆಟ್ಟಿಗೆಯಿಂದ ಚಾಸಿಸ್ ಕಿತ್ತು ಗುಜರಿಗೆ ಹಾಕಿ, ಆ ಜಾಗದಲ್ಲಿ ನೀಲಿ ದೀಪದ ಬ್ಲೂಟೂತ್ ಬೋರ್ಡ್ ಕೂರಿಸುವುದು. ಮುಳ್ಳು ಉಳಿದಿರುತ್ತದೆ, ತಿರುಪೂ ತಿರುಗುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರುವುದಿಲ್ಲ. ಇದು ರೇಡಿಯೋ ಹೌದೋ ಅಲ್ಲವೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಪೆಟ್ಟಿಗೆಯೇ ಪ್ರಧಾನ ಎನ್ನುವವರು ಅದನ್ನು ಮುಂಬಾಗಿಲಿನ ಟೀಪಾಯಿ ಮೇಲಿಟ್ಟು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾರೆ. ಹೊಳವನಹಳ್ಳಿ ಪಾಠದವರು ಒಂದು ಪರೀಕ್ಷೆ ಇಟ್ಟಿದ್ದಾರೆ: ತೋಟದಲ್ಲಿ ಸ್ಟಾರ್ಟರ್ ಎತ್ತಿದಾಗ ಕರ್ ಎನ್ನದ ಪೆಟ್ಟಿಗೆಯನ್ನು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ.