ಕಾರ್ಡ್ ತುಂಬೈತ್ರಿ, ಸಾವಕಾರ್ರ!

ನಮ್ಮ ಕಡೆಯ ಲಾರಿ ಮಾಲಕರಿಗೆ ಮೊದಲು ಒಂದೇ ಚಿಂತೆ ಇತ್ತು: ಗಾಡಿ ಎಲ್ಲೈತಿ? ಅದಕ್ಕೆ ಜಿಪಿಎಸ್ ಬಂತು. ಗಾಡಿ ನಿಂತದ್ದು ಗೊತ್ತಾಯಿತು, ಯಾಕೆ ನಿಂತಿತು ಅನ್ನುವುದು ಗೊತ್ತಾಗಲಿಲ್ಲ. ಅದಕ್ಕೆ ಮುಂಗಾಜಿಗೆ ಅಂಟಿಸುವ ಕ್ಯಾಮೆರಾ, ಡ್ಯಾಶ್‌ಕ್ಯಾಮ್ ಬಂತು. ಅದರಲ್ಲಿ ತುಂಬಿದ್ದನ್ನು ನೋಡಬೇಕೆಂದರೆ ಗಾಡಿ ಊರಿಗೆ ಬರುವ ತನಕ ಕಾಯಬೇಕಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಅದಕ್ಕೆ ಸಿಮ್ ಹಾಕುವ ಕ್ಯಾಮೆರಾ ಬಂತು. ಈಗ ಇಳಕಲ್ಲಿನಲ್ಲಿ ಗಾದಿಗೆ ಒರಗಿ ಕೂತೇ ಗಾಡಿಯೊಳಗೆ ಇಣುಕಬಹುದು. ಇಣುಕಿ ನೋಡಿದ್ದನ್ನು ಇನ್ನೊಮ್ಮೆ ನೋಡಲು ದೊಡ್ಡ ಮೆಮೊರಿ ಕಾರ್ಡೂ ಬಂದಿದೆ. ಚಿಂತೆ ಮಾತ್ರ ಇದ್ದಲ್ಲೇ ಇದೆ.

ಸಾವಕಾರ್ರು ಅಂದರೆ ಇಲ್ಲಿ ಒಬ್ಬರಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಹೇರುವ ಲಾರಿಯವರು, ಹುನಗುಂದದ ಕಡೆ ಖಡಿ ಟಿಪ್ಪರ್ ಬಿಟ್ಟವರು, ಬಾದಾಮಿ-ಪಟ್ಟದಕಲ್ಲು-ಐಹೊಳೆ ಸುತ್ತಿಸುವ ಟ್ಯಾಕ್ಸಿಯವರು, ಬಾಗಲಕೋಟೆಯ ನವನಗರದಲ್ಲಿ ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ ತೆಗೆಯುವ ಮೊದಲೇ ಗಾಜಿಗೆ ಕ್ಯಾಮೆರಾ ಅಂಟಿಸಿದವರು, ಇವರೆಲ್ಲರನ್ನೂ ಕಲಸಿ ಕಟ್ಟಿದ ಒಂದೇ ಉಂಡೆ ಈ ಬರಹದ ಸಾವಕಾರ್ರು.

ಕ್ಯಾಮೆರಾಕ್ಕೆ ಎರಡು ಕಣ್ಣು. ಒಂದು ರಸ್ತೆಯ ಕಡೆ, ಇನ್ನೊಂದು ಡ್ರೈವರ್ ಮಾರಿಯ ಕಡೆ. ಸಾವಕಾರ್ರು ಫೋನಿನಲ್ಲಿ ತೆರೆಯುವುದು ಎರಡನೆಯದನ್ನೇ. ರಸ್ತೆ ನೋಡಿ ಅವರಿಗೆ ಆಗಬೇಕಾದ್ದೇನು, ಅದರ ಪಗಾರ ಇವರು ಕೊಡುವುದಿಲ್ಲವಲ್ಲ.

"ಲೇ ತಮ್ಮಾ, ಆಕಳಿಸಾಕತ್ತೀಯಲ್ಲೋ, ರಾತ್ರಿ ನಿದ್ದಿ ಮಾಡಿಲ್ಲೇನು?"

"ತಾಸಿಗೊಮ್ಮೆ ಫೋನ್ ಮಾಡಿ ಎಬ್ಬಿಸಿದವ್ರು ನೀವ ಅಲ್ಲೇನ್ರಿ?"

"ಮತ್ತ ಈಗ ಫೋನ್ ಕಿವಿಗೆ ಹಚ್ಚಿಕೊಂಡು ಗಾಡಿ ಹೊಡಿಯಾಕತ್ತಿ! ಕ್ಯಾಮೆರಾದಾಗ ಚೊಲೋತ್ನಾಗಿ ಕಾಣಾಕತ್ತೈತಿ. ದಂಡ ಹಾಕ್ತೀನಿ ನೋಡು."

"ಹಾಕ್ರಿ. ಫೋನ್ ಹಚ್ಚಿದವ್ರು ಯಾರನ್ನೂದನ್ನೂ ಅದರಾಗ ತೋರಸ್ತಾರೇನು ಕೇಳ್ರಿ."

ಡ್ರೈವರನೂ ಕಡಿಮೆಯವನಲ್ಲ. ಅಮಾವಾಸ್ಯೆಯ ದಿನ ಗಾಡಿ ತೊಳೆದು, ಸ್ಟಿಯರಿಂಗಿಗೆ ಹೂ ಏರಿಸಿ, ನಿಂಬೆಹಣ್ಣು ಕೊಯ್ದು, ಎಲ್ಲಕ್ಕೂ ವಿಭೂತಿ ಹಚ್ಚುವಾಗ ಕ್ಯಾಮೆರಾದ ಒಳಗಣ್ಣಿಗೂ ಮೂರು ಬೆರಳು ಎಳೆದುಬಿಟ್ಟ. ಸಾವಕಾರ್ರ ಫೋನಿನಲ್ಲಿ ಬೆಳ್ಳಗಿನ ಮಂಜು. ಒರೆಸು ಅನ್ನುವಂತಿಲ್ಲ, ದೇವರ ಕೆಲಸ. ಮುಂದಿನ ಅಮಾವಾಸ್ಯೆವರೆಗೆ ಆ ಡ್ರೈವರ್ ನೆಮ್ಮದಿಯಿಂದ ಆಕಳಿಸಿದ.

ಇಳಕಲ್ಲಿನ ಮಾತು ಬಂತೆಂದು ಇಷ್ಟು ಹೇಳಬೇಕು. ಅಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಬಾಗಿಲಿಗೆ ಹೋಗಿ, ಜೋಳ-ರೊಕ್ಕ ಬೇಡ, ನಿಮ್ಮ ಚಟ ಹಾಕಿ ಎಂದು ಬೇಡಿದವರು. ಜನ ಬೀಡಿ, ತಂಬಾಕು, ಕುಡಿತ ಅದರಲ್ಲಿ ಹಾಕಿ ಕೈಮುಗಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅದೇ ಊರಿನಲ್ಲಿ ಈಗ ಡ್ರೈವರ್ ಬಾಯಿಗೆ ಗುಟ್ಕಾ ಸುರಿದುಕೊಂಡ ಚಿತ್ರ ಸಾವಕಾರ್ರ ಫೋನಿಗೆ ಬೀಳುತ್ತದೆ, ಪಗಾರದಲ್ಲಿ ನೂರು ರೂಪಾಯಿ ಮುರಿಯುತ್ತದೆ. ಮುರಿದ ನೂರು ಸಾವಕಾರ್ರ ಕಿಸೆಗೆ ಹೋಗುವುದರಿಂದ ಚಟ ಪೂರ್ತಿ ಬಿಡುವುದು ಅವರಿಗೂ ಬೇಕಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ, ಸಾವಕಾರ್ರಿಗೆ ಲೆಕ್ಕ ಪ್ರೀತಿ. ಸಾಮಾನ್ಯ ಫುಲ್ ಎಚ್‌ಡಿ ಕ್ಯಾಮೆರಾ ಸೆಕೆಂಡಿಗೆ 15 ಮೆಗಾಬಿಟ್‌ನಂತೆ ಬರೆದರೆ ತಾಸಿಗೆ ಸುಮಾರು 6.75 ಜಿಬಿ. 128 ಜಿಬಿ ಕಾರ್ಡಿನಲ್ಲಿ ಹತ್ತೊಂಬತ್ತು ತಾಸು. ಎರಡು ಕಣ್ಣಿದ್ದರೆ ಅದರ ಅರ್ಧ. ಆಮೇಲೆ ಕ್ಯಾಮೆರಾ ತನ್ನಷ್ಟಕ್ಕೆ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಬಂದರಿನ ಕಡೆ ಹೊರಟ ಗ್ರಾನೈಟ್ ಲಾರಿ ಎರಡನೇ ದಿನ ಎಲ್ಲೋ ತಿಕ್ಕಿಸಿಕೊಂಡು ಬಂದರೆ, ಮೂರನೇ ದಿನಕ್ಕೆ ಅದರ ಗುರುತು ಕಾರ್ಡಿನಲ್ಲಿ ಇಲ್ಲ. ಎಲ್ಲವನ್ನೂ ನೇರವಾಗಿ ಮೇಲಕ್ಕೆ, ಅಂದರೆ ಕ್ಲೌಡಿಗೆ ಕಳಿಸಿಬಿಡೋಣ ಅಂದರೆ, ದಿನಕ್ಕೆ ಒಂದೂವರೆ ಜಿಬಿ ಕೊಡುವ ಸಿಮ್ಮಿನಲ್ಲಿ ಹೋಗುವುದು ಹದಿಮೂರು ನಿಮಿಷದ ಚಿತ್ರ. ಇಪ್ಪತ್ನಾಲ್ಕು ತಾಸು ಕಣ್ಣಿಡುತ್ತೇನೆಂದು ರೊಕ್ಕ ಕೊಟ್ಟವರಿಗೆ ಸಿಕ್ಕದ್ದು ಹದಿಮೂರು ನಿಮಿಷ, ಅದರಲ್ಲಿ ಒಂಬತ್ತು ನಿಮಿಷ ಆಕಳಿಕೆ.

ನಿಜವಾದ ಮಜಾ ಇರುವುದು ನಮ್ಮ ರಸ್ತೆಗಳಲ್ಲಿ. ಗಾಡಿಗೆ ಜೋರಾಗಿ ಧಕ್ಕೆಯಾದರೆ ಕ್ಯಾಮೆರಾದೊಳಗಿನ ಜಿ-ಸೆನ್ಸರ್ ಅದನ್ನು ಅಪಘಾತವೆಂದು ತಿಳಿದು, ಆ ತುಣುಕನ್ನು ಅಳಿಸದಂತೆ ಬೀಗ ಹಾಕಿ ಇಡುತ್ತದೆ. ಅದನ್ನು ಮಾಡಿದವರು ನುಣುಪು ರಸ್ತೆಯ ದೇಶದವರು. ನಮ್ಮಲ್ಲಿ ಒಂದು ತಗ್ಗಿಗೆ ಇಳಿದರೆ ಒಂದು ಬೀಗ, ಎದ್ದರೆ ಇನ್ನೊಂದು ಬೀಗ, ಊರವರೇ ರಾತ್ರೋರಾತ್ರಿ ಮಣ್ಣು ಸುರಿದು ಮಾಡಿದ ಹಂಪ್‌ಗೆ ಮತ್ತೊಂದು. ಗಾಡಿ ಎರಡು ತಾಲೂಕು ದಾಟುವುದರೊಳಗೆ ಕಾರ್ಡಿನ ತುಂಬ ಬೀಗ ಬಿದ್ದ ತಗ್ಗುಗಳು. "ಕಾರ್ಡ್ ತುಂಬೈತ್ರಿ ಸಾವಕಾರ್ರ, ಏನೇನೈತಿ ನೋಡ್ರಿ" ಅಂತ ಡ್ರೈವರ್ ಕೊಟ್ಟರೆ, ಅದರಲ್ಲಿ ಅಪಘಾತ ಒಂದೂ ಇಲ್ಲ. ಜಿಲ್ಲೆಯ ತಗ್ಗುಗಳ ಸಂಪೂರ್ಣ ಸಚಿತ್ರ ಕೋಶ, ದಿನಾಂಕ-ಸಮಯ-ಅಕ್ಷಾಂಶ-ರೇಖಾಂಶ ಸಮೇತ. ಇದನ್ನು ಒಯ್ದು ರಸ್ತೆ ಮಾಡುವವರಿಗೆ ಕೊಡಬಹುದಿತ್ತು. ಸಾವಕಾರ್ರು ಕೊಡಲಿಲ್ಲ. ಕೊಟ್ಟರೆ, ಆ ತಗ್ಗು ಬಿದ್ದದ್ದು ಎಷ್ಟು ಟನ್ನಿನ ಗಾಡಿ ಹೋಗಿ ಎಂದು ಅವರು ತಿರುಗಿ ಕೇಳಿದರೆ? 2019ರ ತಿದ್ದುಪಡಿಯ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚುವರಿ ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2,000. ಹೀಗಾಗಿ 256 ಜಿಬಿಯ ಕಾರ್ಡ್ ತಂದು, ತಗ್ಗುಗಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟರು.

ಜಾಗ ಹೆಚ್ಚಿಸುವ ವಿದ್ಯೆ ಬಾಗಲಕೋಟೆಗೆ ಹೊಸದಲ್ಲ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರಿಗೆ ನೀರು ನಿಲ್ಲಿಸಿದಾಗ ಹಳೇ ಊರಿನ ಓಣಿಗಳು ಹೋಗಿ ನವನಗರದ ಸೆಕ್ಟರುಗಳು ಬಂದವು. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದ ಮೇಲೆ ಇನ್ನೂ ಹಲವು ಊರುಗಳು ಒಂದು ಕಾಲು ಹೊರಗಿಟ್ಟೇ ಕೂತಿವೆ. ಸಂಗ್ರಹ ಹೆಚ್ಚಿಸುವವರು ಒಬ್ಬರು, ಮುಳುಗುವವರು ಇನ್ನೊಬ್ಬರು ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಕಾರ್ಡಿನ ಕತೆಯೂ ಅದೇ. ಜಾಗ ಸಾವಕಾರ್ರದು, ಅದರೊಳಗೆ ಬೀಳುವವರು ರಸ್ತೆಯ ಮೇಲೆ ಗೋವಿನಜೋಳ ಒಣಹಾಕಿದ ರೈತ, ಕುರಿ ಹೊಡೆದುಕೊಂಡು ಹೊಂಟ ಹಾಲುಮತದ ಹುಡುಗ, ಬಸ್ ತಪ್ಪಿ ನಿಂತ ಕಾಲೇಜಿನ ಹುಡುಗಿಯರು, ಹಿಂದಿನ ಸೀಟಿನಲ್ಲಿ ಬಾಯ್ತೆರೆದು ಮಲಗಿದ ಕ್ಲೀನರ್. ಇವರನ್ನು ಯಾರೂ ಕೇಳಿಲ್ಲ, ಇವರ ಚಿತ್ರ ಹೋಗುವ ದಾರಿಯನ್ನೂ ಹೇಳಿಲ್ಲ. ಮೊಬೈಲ್ ಜಾಲದಲ್ಲಿ ಕುಳಿತ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ಮುಟ್ಟಲು ಸಾಮಾನ್ಯವಾಗಿ ಬರುವುದಿಲ್ಲವಾದ್ದರಿಂದ ಎಲ್ಲವೂ ಮಾರಿದ ಕಂಪನಿಯ ಸರ್ವರ್ ಮೂಲಕವೇ ಹಾಯಬೇಕು. ಹುನಗುಂದದಲ್ಲಿ ನಿಂತ ಗಾಡಿಯ ಚಿತ್ರ ಇಳಕಲ್ಲಿಗೆ ಬರುವ ಮೊದಲು ಯಾವ ಸಮುದ್ರ ದಾಟಿ ಬಂತೋ ಸಾವಕಾರ್ರು ಕೇಳಿದವರಲ್ಲ. ಅವರ ಕ್ಯಾಮೆರಾದ ವೈಫೈ ಪಾಸ್‌ವರ್ಡು ಇವತ್ತಿಗೂ ಡಬ್ಬಿಯ ಮೇಲೆ ಅಚ್ಚಾಗಿ ಬಂದದ್ದೇ: ಒಂದರಿಂದ ಎಂಟು, ಅದೂ ಸಾಲಾಗಿ. ಚಹಾದಂಗಡಿಯ ಹುಡುಗನಿಗೂ ಬಾಯಿಪಾಠ.

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಹೆಮ್ಮೆಪಡೋಣ. ಆಮೇಲೆ ಡ್ರೈವರನ ಕಡೆ ಕ್ಯಾಮೆರಾ ಸ್ವಲ್ಪ ತಿರುಗಿಸೋಣ.

ಬಾದಾಮಿಗೆ ಬರುವವರ ಪಾಡು ಬೇರೆ. ಗುಹೆಗಳ ಕೆಳಗೆ ಕಾರು ನಿಲ್ಲಿಸಿ, ಪಾರ್ಕಿಂಗ್ ಮೋಡ್ ಹಾಕಿ, ಸಾಹೇಬರು ಮೆಟ್ಟಿಲೇರುತ್ತಾರೆ. ಮೊದಲನೇ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತಾಗ ಕಿಸೆಯಲ್ಲಿ ಫೋನು ಗುಂಯ್ ಅನ್ನುತ್ತದೆ: ವಾಹನದ ಬಳಿ ಚಲನೆ. ತೆಗೆದು ನೋಡಿದರೆ ಬಾನೆಟ್ಟಿನ ಮೇಲೆ ಮಂಗ್ಯಾ. ಮೂರನೇ ಗುಹೆಗೆ ಬಂದರೆ ಎರಡು ಮಂಗ್ಯಾ, ಒಂದಕ್ಕೆ ವೈಪರ್ ಸಿಕ್ಕಿದೆ. ಚಾಲುಕ್ಯರ ಮಂಗಳೇಶ 578ರಲ್ಲಿ ಕಲ್ಲಿನಲ್ಲಿ ಬರೆಸಿದ್ದನ್ನು ಗೈಡ್ ಹೇಳುತ್ತಲೇ ಇದ್ದಾನೆ, ಸಾಹೇಬರು ವೈಪರಿನ ನೇರ ಪ್ರಸಾರದಲ್ಲಿದ್ದಾರೆ. ಅಷ್ಟು ದೂರದಿಂದ ಬಂದು ನೋಡಿದ್ದು ತಮ್ಮದೇ ಕಾರನ್ನು. ನಿಂತ ಗಾಡಿಯ ಬ್ಯಾಟರಿ ಸೋರಿಹೋಗದಂತೆ ವೋಲ್ಟೇಜ್ ಇಳಿದೊಡನೆ ಕ್ಯಾಮೆರಾವನ್ನು ಕಡಿಯುವ ಸಣ್ಣ ಡಬ್ಬಿಯೊಂದು ಸಿಗುತ್ತದೆ. ನಮ್ಮ ಸಾವಕಾರ್ರು ಅದನ್ನು ಕೊಳ್ಳದೆ ರೊಕ್ಕ ಉಳಿಸಿದ್ದರು. ರಾತ್ರಿಯೆಲ್ಲ ಗಾಡಿ ಕಾದ ಕ್ಯಾಮೆರಾ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದ್ದನ್ನೂ ತೋರಿಸಬಹುದಿತ್ತು. ಅಷ್ಟರಲ್ಲಿ ಅದೇ ಆರಿತ್ತು. ಏಪ್ರಿಲ್ ಬಿಸಿಲಿಗೆ ಗಾಜಿನೊಳಗೆ ಲಿಥಿಯಂ ಬ್ಯಾಟರಿಯ ಕ್ಯಾಮೆರಾ ಉಬ್ಬಿದ ಕತೆ ಬಿಡಿ, ಕೆಪಾಸಿಟರ್ ಇರುವುದನ್ನು ಕೊಳ್ಳಿ ಎಂದು ಅಂಗಡಿಯವ ಹೇಳಿದ್ದ, ಅದಕ್ಕೆ ರೊಕ್ಕ ಜಾಸ್ತಿ.

ಸಾಕ್ಷ್ಯದ ವಿಷಯದಲ್ಲಿ ನಮ್ಮ ಜಿಲ್ಲೆಯ ಪರಂಪರೆ ದೊಡ್ಡದು. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಕಲ್ಲಿಗೆ ಹತ್ತಿಸಿದ ದಾಖಲೆ ಇನ್ನೂ ಅಳಿಸಿಲ್ಲ. ಚಾಲುಕ್ಯರ ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು, ಪಲ್ಲವರ ಅರಸನನ್ನು ಕೋಟೆಯೊಳಗೆ ಅಟ್ಟಿದ್ದು ಎಲ್ಲ ಇದೆ. ಅಲ್ಲಿಗೆ ರೆಕಾರ್ಡಿಂಗ್ ನಿಂತಿತು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಂದು ಬಾದಾಮಿಯನ್ನೇ ಹಿಡಿದದ್ದು ಗೊತ್ತಾಗಬೇಕೆಂದರೆ ಎದುರಿನ ಗಾಡಿಯ ಕ್ಯಾಮೆರಾ ನೋಡಬೇಕು: ಅವನು ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಬರೆಸಿಹೋದ. ಅಪಘಾತಕ್ಕೆ ಎಂಟು ವರ್ಷ ಮೊದಲೇ ಬರೆದು ಮುಗಿಸಿದ್ದೆ ಎಂಬ ನೆಪ ರವಿಕೀರ್ತಿಗಿದೆ. ಸಾವಕಾರ್ರಿಗೆ ಆ ನೆಪವೂ ಇಲ್ಲ. ಅವರ ಕ್ಯಾಮೆರಾ ಎಲ್ಲವನ್ನೂ ಬರೆದುಕೊಳ್ಳುತ್ತದೆ. ಯಾವುದು ಉಳಿಯಬೇಕು ಅನ್ನುವುದನ್ನು ಅವರು ಆಮೇಲೆ ಗಾದಿಯ ಮೇಲೆ ಕೂತು ತೀರ್ಮಾನಿಸುತ್ತಾರೆ. ದೂರದಿಂದ ನೋಡಲು ಬರುವ ಆ್ಯಪಿನಲ್ಲಿ ದೂರದಿಂದ ಅಳಿಸಲೂ ಬರುತ್ತದೆ.

ಎದುರಿನವನ ತಪ್ಪಿದ್ದರೆ ವಿಡಿಯೊ ಹತ್ತು ನಿಮಿಷದಲ್ಲಿ ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುತ್ತದೆ, ಹಿನ್ನೆಲೆ ಸಂಗೀತ ಸಹಿತ. ತಮ್ಮದೇ ಇದ್ದರೆ "ಕ್ಯಾಮೆರಾ ಇತ್ರಿ ಸಾಹೇಬ್ರ, ಕಾರ್ಡ್ ಕೆಟ್ಟಿತ್ತು." ಆದರೆ ಗುಂಪಿನಲ್ಲಿ ಹರಿದಾಡಿ ಚಪ್ಪಟೆಯಾದ ವಿಡಿಯೊ ಕೋರ್ಟಿನಲ್ಲಿ ನಡೆಯುವುದು ಕಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು: ಒಂದು ಭಾಗ ಕೊಡುವವನದು, ಇನ್ನೊಂದು ತಜ್ಞನದು. ಅದರಲ್ಲಿ ಆ ಕಡತದ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ವಿಡಿಯೊದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಮೂಲ ಕಾರ್ಡನ್ನು ತೆಗೆದು ಹಾಗೆಯೇ ಎತ್ತಿಡುವುದು ಒಳ್ಳೆಯ ಉಪಾಯ. ಸಾವಕಾರ್ರು ಎತ್ತಿಡುವುದು ಬ್ಯಾಂಕಿನ ಪಾಸ್‌ಬುಕ್ ಮಾತ್ರ. ಸಾಕ್ಷ್ಯವಾಗಬೇಕಾದ್ದನ್ನು ಬೇಕೆಂದೇ ಅಳಿಸುವುದು ಅಪರಾಧ ಎಂದು ಯಾರೋ ವಕೀಲರು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಅಳಿಸಿದ್ದಕ್ಕೆ ಸಾಕ್ಷ್ಯ ಉಳಿಯುತ್ತೇನ್ರಿ?

ನಗುವಂಥದ್ದಲ್ಲದ ಒಂದು ಮಾತು ಇದೆ. ರಾತ್ರಿ ಯಾವನೋ ಬೈಕಿನವನಿಗೆ ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ, ಸತ್ತವನ ಮನೆಗೆ ಸರ್ಕಾರದ ಪರಿಹಾರ 2 ಲಕ್ಷ ರೂಪಾಯಿ. ತೀವ್ರ ಗಾಯವಾದರೆ 50,000. ಗಾಡಿ ಯಾವುದೆಂದು ಗೊತ್ತಾದರೆ ವಿಮೆಯಿಂದ ಅದರ ಎಷ್ಟೋ ಪಟ್ಟು ಬರಬಹುದಿತ್ತು. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಹಾದುಹೋದ ಗಾಡಿಗಳಲ್ಲಿ ಕ್ಯಾಮೆರಾ ಇದ್ದವು. ಗಾಯಾಳುವಿಗೆ ನೆರವಾದವನನ್ನು ಕಾಯಲು ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸಿದ್ದಾರೆ. ಆದರೂ ವಿಡಿಯೊ ತಂದುಕೊಡುವವರು ಸಿಗುವುದಿಲ್ಲ. ಕಾರಣ ಹೆದರಿಕೆಯಲ್ಲ. ಚಿತ್ರದ ಮೂಲೆಯಲ್ಲಿ ಜಿಪಿಎಸ್ ಅಚ್ಚೊತ್ತಿದ ಸಣ್ಣ ಅಂಕಿ ಇರುತ್ತದೆ: ತಮ್ಮದೇ ಗಾಡಿಯ ವೇಗ. ಸತ್ತವನ ಮನೆಯವರಿಗೆ ನ್ಯಾಯ ಕೊಡಿಸಲು ಹೋಗಿ ತಾವು ತೊಂಬತ್ತರಲ್ಲಿದ್ದದ್ದನ್ನು ಯಾರು ತೋರಿಸುತ್ತಾರೆ? ಬೇರೆಯವರ ತಪ್ಪು ಹಿಡಿಯಲು ಕೊಂಡ ಯಂತ್ರ ತಮ್ಮ ತಪ್ಪನ್ನೂ ಪುಕ್ಕಟೆಯಾಗಿ ಹಿಡಿಯುತ್ತದೆ ಎಂದು ಕೊಳ್ಳುವಾಗ ಯಾರೂ ಹೇಳಿರಲಿಲ್ಲ.

ಈಗ ಸಾವಕಾರ್ರು ಕಬ್ಬಿನ ಟ್ರ್ಯಾಕ್ಟರುಗಳಿಗೂ ಕ್ಯಾಮೆರಾ ಹಾಕಿಸುವ ಯೋಚನೆಯಲ್ಲಿದ್ದಾರೆ. ಎರಡೆರಡು ಟ್ರೇಲರ್, ಅವುಗಳ ಅಗಲಕ್ಕೂ ಮೀರಿ ಹೇರಿದ ಕಬ್ಬು, ಅರ್ಧ ಊರಿಗೆ ಕೇಳುವ ಹಾಡು, ಹಿಂದೆ ಮಾತ್ರ ಒಂದು ದೀಪವಿಲ್ಲ. ಮುಧೋಳ, ಜಮಖಂಡಿ, ಬೀಳಗಿಯ ಕಾರ್ಖಾನೆಗಳ ದಾರಿಯಲ್ಲಿ ರಾತ್ರಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಕ್ಯಾಮೆರಾ, ಸಿಮ್ಮು, ದೊಡ್ಡ ಕಾರ್ಡು, ವರ್ಷದ ಚಂದಾ ಎಲ್ಲ ಸೇರಿದರೆ ಸಾವಿರಾರು ರೂಪಾಯಿ. ಹಿಂದೆ ಅಂಟಿಸುವ ಕೆಂಪು ರಿಫ್ಲೆಕ್ಟರ್ ಪಟ್ಟಿಗೆ, ಎರಡು ದೀಪಕ್ಕೆ, ಒಂದು ವೈರಿಗೆ ಅದರ ಸಣ್ಣ ಪಾಲು ಸಾಕು. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು ಅದನ್ನು ಹಾಕಿಸ್ರಿ ಸಾವಕಾರ್ರ, ಕ್ಯಾಮೆರಾ ಆಮೇಲೆ ತಗೊಳ್ಳೂಣಂತ.